ಸೋಮವಾರ ಬೆಳಗ್ಗೆ ಮರಳಿಸಬೇಕಾದ ಪತ್ರಿಕೆಗಳು

ಕಾದಂಬರಿ ಬರೆಯಬೇಕೆಂದು ಹೊರಟಿರುವ ಎಳೆಯರು ಸಿಕ್ಕಾಗ ಮೊದಲು ಕೇಳುವುದು ಪುಸ್ತಕಗಳ ಪಟ್ಟಿಯನ್ನು. ಯಾವ ಹತ್ತು ಓದಿದರೆ ಹನ್ನೊಂದನೆಯದನ್ನು ತಾವೇ ಬರೆಯಬಹುದು ಎಂಬ ಧಾಟಿ. ನನ್ನ ಬಳಿ ಅಂಥ ಪಟ್ಟಿ ಇಲ್ಲ. ಇರುವುದು ಒಂದು ಪ್ರಕರಣ: ಇಪ್ಪತ್ತರ ಹರೆಯದ ಒಬ್ಬರು ಹತ್ತು ವರ್ಷ ಏನು ಓದಿದರು, ಎಲ್ಲೆಲ್ಲಿ ಅಲೆದರು, ಅದರಿಂದ ಎಷ್ಟು ಸಂಪಾದಿಸಿದರು ಎಂಬ ವಿವರ. ಊರು ಮೈಸೂರು, ಕಾಲ 1925ರಿಂದ 1935. ವ್ಯಕ್ತಿಯ ಪೂರ್ತಿ ಹೆಸರು ರಾಶಿಪುರಂ ಕೃಷ್ಣಸ್ವಾಮಿ ಅಯ್ಯರ್ ನಾರಾಯಣಸ್ವಾಮಿ. ಆರ್. ಕೆ. ನಾರಾಯಣ್ ಎಂಬ ಮೊಟಕು ಹೆಸರು ಬಂದದ್ದು ಈ ಪ್ರಕರಣದ ಕೊನೆಯಲ್ಲಿ.

ಇಲ್ಲಿನ ಮುಖ್ಯ ಸಾಕ್ಷಿ ಅವರದೇ ಆತ್ಮಕಥನ, 1974ರಲ್ಲಿ ಬಂದ 'ಮೈ ಡೇಸ್'. ಸಾಕ್ಷಿ ನುಡಿಯುತ್ತಿರುವವರು ವೃತ್ತಿಯಿಂದ ಕಥೆಗಾರರು ಎಂಬುದನ್ನು ಮರೆಯಬಾರದು. ನಲವತ್ತು ವರ್ಷಗಳ ಹಿಂದಿನ ಬಡತನವನ್ನು ನಗಿಸುವಂತೆ ಹೇಳುವುದು ಅವರಿಗೆ ಕರಗತ. ಆದರೂ ಆಣೆಯ ಲೆಕ್ಕಕ್ಕೆ ಬಂದಾಗ ಅವರು ಅಕ್ಕಪಕ್ಕ ನೋಡುವುದಿಲ್ಲ, ಅಂಕಿಯನ್ನು ನೇರವಾಗಿ ಮುಂದಿಡುತ್ತಾರೆ.

ಮನೆಗೆ ಬರುತ್ತಿದ್ದ ಲಂಡನ್

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ಬೆಳೆದದ್ದು ಪುರಸವಾಕಂನ ಅಜ್ಜಿಯ ಮನೆಯಲ್ಲಿ. ಸಂಜೆಯಾದರೆ ಅಜ್ಜಿ ಎದುರಿಗೆ ಕೂರಿಸಿಕೊಂಡು ಮಗ್ಗಿ, ತಮಿಳು ಅಕ್ಷರ, ಸಂಸ್ಕೃತ ಶ್ಲೋಕಗಳನ್ನು ಒಪ್ಪಿಸಿಕೊಳ್ಳುತ್ತಿದ್ದರು. ತಂದೆ ಮೈಸೂರು ಸಂಸ್ಥಾನದಲ್ಲಿ ಮುಖ್ಯೋಪಾಧ್ಯಾಯರು. ಚನ್ನಪಟ್ಟಣ, ಹಾಸನ ಎಂದು ಸುತ್ತಿ, ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ವರ್ಗವಾಗಿ ಬಂದರು. ಹದಿಹರೆಯದ ಮಗನೂ ಅಲ್ಲಿಗೆ ಬಂದು ಸೇರಿದ.

ಆ ಶಾಲೆಯ ಗ್ರಂಥಾಲಯ ಒಳ್ಳೆಯದಿತ್ತು. ಅದಕ್ಕಿಂತ ಮುಖ್ಯವಾಗಿ, ಅದಕ್ಕೆ ಹಡಗಿನ ಟಪಾಲಿನಲ್ಲಿ ಪತ್ರಿಕೆಗಳು ಬರುತ್ತಿದ್ದವು: 'ಸ್ಟ್ರ್ಯಾಂಡ್', 'ಬುಕ್‌ಮನ್', 'ಟೈಮ್ಸ್ ಲಿಟರರಿ ಸಪ್ಲಿಮೆಂಟ್', 'ಲಂಡನ್ ಮರ್ಕ್ಯುರಿ', ಅಮೆರಿಕದ 'ಹಾರ್ಪರ್ಸ್' ಮತ್ತು 'ಅಟ್ಲಾಂಟಿಕ್'. ವಾರಾಂತ್ಯಕ್ಕೆ ಅವು ಮುಖ್ಯೋಪಾಧ್ಯಾಯರ ಮನೆಗೆ ಬಂದು ಇಳಿಯುತ್ತಿದ್ದವು. ಮಕ್ಕಳು ಯಾವುದನ್ನು ಬೇಕಾದರೂ ಓದಬಹುದಿತ್ತು. ಷರತ್ತು ಒಂದೇ. ಸೋಮವಾರ ಬೆಳಗ್ಗೆ ಶಾಲೆಯ ವಾಚನಾಲಯದ ಮೇಜಿನ ಮೇಲೆ ಇರಬೇಕಾದ ಪತ್ರಿಕೆ ಅದಕ್ಕೆ ಮೊದಲು ತಂದೆಯ ಮೇಜಿಗೆ ಮರಳಿರಬೇಕು.

ಈ ಪ್ರಕರಣದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದೇ. ತಂದೆ ಇದನ್ನು ಓದು ಎನ್ನಲಿಲ್ಲ, ಇದು ಬೇಡ ಎಂದೂ ಹೇಳಲಿಲ್ಲ. ಗಡುವು ಮಾತ್ರ ಕೊಟ್ಟರು. ಅಣ್ಣತಮ್ಮಂದಿರಿರುವ ಮನೆಯಲ್ಲಿ ಎರಡು ದಿನಕ್ಕೆ ಸಿಗುವ ಪತ್ರಿಕೆಯನ್ನು ಆಮೇಲೆ ಓದೋಣ ಎಂದು ಕಪಾಟಿಗೆ ಏರಿಸಲು ಆಗುವುದಿಲ್ಲ. ನಮ್ಮ ಮೊಬೈಲಿನಲ್ಲಿ ಉಳಿಸಿಟ್ಟ ನೂರಾರು ಲೇಖನಗಳು ಹಾಗೆಯೇ ಬಿದ್ದಿರುವುದಕ್ಕೆ ಕಾರಣ ನಮ್ಮ ಸೋಮಾರಿತನವೊಂದೇ ಇರಲಾರದು. ಅವನ್ನು ಯಾರೂ ಸೋಮವಾರ ವಾಪಸು ಕೇಳುವುದಿಲ್ಲ.

'ಸ್ಟ್ರ್ಯಾಂಡ್' ಮೂಲಕ ಕಾನನ್ ಡಾಯ್ಲ್, ವುಡ್‌ಹೌಸ್, ಡಬ್ಲ್ಯು. ಡಬ್ಲ್ಯು. ಜೇಕಬ್ಸ್, ಆರ್ನಾಲ್ಡ್ ಬೆನೆಟ್ ಮೈಸೂರಿಗೆ ಬಂದರು. 'ಬುಕ್‌ಮನ್' ಬೇರೆಯದೇ ರುಚಿ ಹತ್ತಿಸಿತು. ಷಾ, ವೆಲ್ಸ್, ಹಾರ್ಡಿ ಒಬ್ಬರ ಬಗ್ಗೆ ಒಬ್ಬರು ಏನೆಂದರು, ಯಾರಿಗೆ ಎಷ್ಟು ಗೌರವಧನ ಬಂತು, ಈಗ ಯಾರು ಯಾವುದನ್ನು ಬರೆಯುತ್ತಿದ್ದಾರೆ ಎಂಬುದೆಲ್ಲ ಈ ಹುಡುಗನಿಗೆ ಬಾಯಿಪಾಠವಾಗಿತ್ತು. ಬರೆಯುವುದು ಎಂದರೆ ಒಂದು ಕಸುಬು, ಅದರಿಂದ ಕೆಲವರು ಬದುಕುತ್ತಾರೆ ಎಂಬ ನಂಬಿಕೆ ಬಂದದ್ದು ಇಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ. ಆ ನಂಬಿಕೆಯ ಬೆಲೆ ಎಷ್ಟು ಎಂಬುದು ಮುಂದೆ ಗೊತ್ತಾಯಿತು.

ಪುಸ್ತಕಗಳ ಓದು ಮಾತ್ರ ಕಲಸುಮೇಲೋಗರ. ಸ್ಕಾಟ್, ಡಿಕನ್ಸ್, ರೈಡರ್ ಹ್ಯಾಗರ್ಡ್, ಮಾಲಿಯೇರ್, ಪೋಪ್, ಮಾರ್ಲೋ, ಟಾಲ್‌ಸ್ಟಾಯ್, ಹಾರ್ಡಿ, ಎಲ್ಲವೂ ಒಂದರ ಮೇಲೊಂದು. ಯಾವುದು ಶ್ರೇಷ್ಠ, ಯಾವುದು ಸಾಧಾರಣ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಹಾಗಾಗಿ ಟಾಲ್‌ಸ್ಟಾಯ್ ಇದ್ದ ಮನಸ್ಸಿನಲ್ಲಿಯೇ ಮೇರಿ ಕೊರೆಲ್ಲಿ ಎಂಬ ಭಾವೋದ್ರೇಕದ ಲೇಖಕಿಗೂ ಜಾಗವಿತ್ತು. ಆಕೆಯ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ತನ್ನ ಪುಸ್ತಕದ ಕಪಾಟಿಗೆ ಅಂಟಿಸಿಕೊಂಡದ್ದೂ ಉಂಟು. ಕೊನೆಯ ಪುಟಕ್ಕೆ ಬರುವಾಗ ಗಂಟಲು ಉಬ್ಬಿ ಬರಬೇಕು, ಇಲ್ಲದಿದ್ದರೆ ಅದು ಪುಸ್ತಕವೇ ಅಲ್ಲ ಎಂಬುದು ಆಗಿನ ಅಳತೆಗೋಲು. ಮಿಸೆಸ್ ಹೆನ್ರಿ ವುಡ್ ಬರೆದ 'ಈಸ್ಟ್ ಲಿನ್' ಅನ್ನು ಅಳುವುದಕ್ಕೆಂದೇ ಮತ್ತೆ ಮತ್ತೆ ಓದಿದರಂತೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳನ್ನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಓದಿದ ಮನೆಗಳಿಗೆ ಇದು ಹೊಸತಾಗಿ ಕಾಣಿಸಲಾರದು.

ನಪಾಸಾದ ವರ್ಷ

ಇಷ್ಟೆಲ್ಲ ಓದಿದ ಹುಡುಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದ. ಅದೂ ಮುಖ್ಯೋಪಾಧ್ಯಾಯರ ಮಗ. ಮರಳಿ ಬರೆದು 1926ರಲ್ಲಿ ಮಹಾರಾಜಾ ಕಾಲೇಜು ಸೇರುವವರೆಗೆ ಒಂದು ವರ್ಷ ಪೂರ್ತಿ ಖಾಲಿ.

ಆ ಖಾಲಿ ವರ್ಷದ ದಿನಚರಿ ಹೀಗಿತ್ತು. ಕೈಯಲ್ಲೊಂದು ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆಗೆ ನಡೆದುಹೋಗುವುದು, ಮರದ ಕೆಳಗೆ ಕೂರುವುದು, ಓದುವುದು, ಸುಮ್ಮನೆ ನೋಡುವುದು. ಆ ದಿನಗಳ ಪುಸ್ತಕಗಳು ಪಾಲ್‌ಗ್ರೇವ್ ಸಂಪಾದಿಸಿದ 'ಗೋಲ್ಡನ್ ಟ್ರೆಜರಿ', ಟಾಗೋರರ 'ಗೀತಾಂಜಲಿ', ಕೀಟ್ಸ್, ಶೆಲ್ಲಿ, ಬೈರನ್. ಪರೀಕ್ಷೆಗೆ ಓದಬೇಕಾದುದನ್ನು ಬಿಟ್ಟು ಉಳಿದದ್ದೆಲ್ಲ, ಎಂದರೆ ಹೆಚ್ಚು ತಪ್ಪಾಗದು.

ನಪಾಸಾದದ್ದೇ ಒಳ್ಳೆಯದಾಯಿತು ಎಂದು ಇಂದು ಹೇಳುವುದು ಸುಲಭ, ಏಕೆಂದರೆ ಮುಂದಿನದು ನಮಗೆ ಗೊತ್ತು. ಆ ವರ್ಷ ಅದೇ ಕೆರೆಯ ದಂಡೆಯಲ್ಲಿ ಕುಳಿತ ಇನ್ನೊಬ್ಬ ನಪಾಸಾದ ಹುಡುಗ ಕಾದಂಬರಿಕಾರನಾಗಲಿಲ್ಲ, ಗುಮಾಸ್ತನಾದ. ಅವನ ಆತ್ಮಕಥನ ನಮ್ಮ ಕೈಗೆ ಬಂದಿಲ್ಲ. ನಾನು ಗಮನಿಸುವುದು ಬೇರೊಂದನ್ನು. ಓದು ಮನೆಯ ಹೊರಗೆ ಹೋದದ್ದು ಈ ವರ್ಷ. ಅಲ್ಲಿಯವರೆಗೆ ಪುಟದಿಂದ ತಲೆ ಎತ್ತಿದರೆ ಕಾಣುತ್ತಿದ್ದದ್ದು ಮತ್ತೊಂದು ಪುಟ. ಈಗ ತಲೆ ಎತ್ತಿದರೆ ನೀರು, ಎಮ್ಮೆ, ನಡೆದು ಹೋಗುವ ಜನ, ಆಚೆ ಚಾಮುಂಡಿ ಬೆಟ್ಟ.

ಮೂರು ವರ್ಷದ ಬಿ.ಎ.ಗೆ ನಾಲ್ಕು ವರ್ಷ ಹಿಡಿಯಿತು. 1930ರಲ್ಲಿ ಪದವಿ. ಎಂ.ಎ. ಅರ್ಜಿ ಹಿಡಿದು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾಗ ಸ್ನೇಹಿತನೊಬ್ಬ ತಡೆದು, ಸಾಹಿತ್ಯದ ಮೇಲಿನ ಆಸೆ ಸಾಯಬೇಕಾದರೆ ಸಾಹಿತ್ಯದಲ್ಲಿ ಎಂ.ಎ. ಮಾಡು ಎಂಬರ್ಥದ ಮಾತಾಡಿದ. ಅರ್ಜಿ ಅಲ್ಲಿಗೇ ನಿಂತಿತು. ತಂದೆ ಹಿಂದೆ ಕೆಲಸ ಮಾಡಿದ್ದ ಚನ್ನಪಟ್ಟಣದಲ್ಲೇ ಮೇಷ್ಟರ ಕೆಲಸ ಸಿಕ್ಕಿತು. ಡ್ರಿಲ್ ಮೇಷ್ಟರ ಬದಲಿಗೆ ಮೈದಾನಕ್ಕೆ ಹೋಗಿ ಎಂದು ಮೇಲಿನವರು ಹೇಳಿದ್ದೇ ನೆಪವಾಯಿತು. ಎರಡು ಬಾರಿ ಹೋಗಿ ಎರಡು ಬಾರಿಯೂ ಬಿಟ್ಟು ಬಂದರು. ಇನ್ನು ಮನೆಯಲ್ಲೇ ಕೂತು ಕಾದಂಬರಿ ಬರೆಯುತ್ತೇನೆ ಎಂದರು. ಮನೆಯವರು ಹೊರಗೆ ಹಾಕಲಿಲ್ಲ. ಈ ಒಂದು ಸಾಲಿನ ಹಿಂದೆ ಎಷ್ಟು ಅನುಕೂಲ ಅಡಗಿದೆ ಎಂಬುದನ್ನು ನೋಡದೆ ಈ ಪ್ರಕರಣವನ್ನು ಮಾದರಿ ಎಂದು ಎತ್ತಿ ಹಿಡಿಯಬಾರದು. ಹೊತ್ತಿಗೆ ಸರಿಯಾಗಿ ಊಟ, ಮಲಗಲು ಕೋಣೆ, ಪತ್ರಿಕೆ ತರುವ ತಂದೆ. ಅದೇ ಮನೆಯ ಹೆಣ್ಣುಮಗಳೊಬ್ಬಳು 1930ರಲ್ಲಿ ಹೀಗೆ ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಂಡರೆ ಸಾಕು.

ವಾರಕ್ಕೆ ಮೂರಾಣೆ

1930ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿದ್ದ ಅಜ್ಜಿ ಒಳ್ಳೆಯ ದಿನವೊಂದನ್ನು ನೋಡಿ ಹೇಳಿದರು. ಅಂದು ಒಂದು ನೋಟ್ ಪುಸ್ತಕ ಕೊಂಡು ತಂದು, ಲೇಖನಿ ಕಚ್ಚುತ್ತ ಕುಳಿತಾಗ ಮಾಲ್ಗುಡಿ ಎಂಬ ಊರೂ ಅದರ ಪುಟ್ಟ ರೈಲು ನಿಲ್ದಾಣವೂ ಕಣ್ಣಿಗೆ ಬಂದವು ಎಂದು ಅವರು ಬರೆದಿದ್ದಾರೆ. ಅಕ್ಷರಾಭ್ಯಾಸಕ್ಕೆ ದಿನ ನೋಡುವ ಅಜ್ಜಿ ಕಾದಂಬರಿಗೂ ದಿನ ನೋಡಿದರು ಎನ್ನುವುದು ನನಗೆ ರೈಲು ನಿಲ್ದಾಣಕ್ಕಿಂತ ಹೆಚ್ಚು ಹಿಡಿಸುತ್ತದೆ.

ಇಲ್ಲೊಂದು ಒಗಟಿದೆ. ಹತ್ತು ವರ್ಷ ಇಂಗ್ಲೆಂಡಿನ ಪುಸ್ತಕ ಓದಿದವರ ಕಣ್ಣಿಗೆ ಇಂಗ್ಲೆಂಡು ಏಕೆ ಬರಲಿಲ್ಲ? ಬಂದಿತ್ತು, ಅದಕ್ಕೆ ಮೊದಲು. ಅದಕ್ಕಿಂತ ಮುಂಚಿನ ಬರಹಗಳು ಆ ಕಣ್ಣೀರಿನ ಪುಸ್ತಕಗಳ ನೆರಳಿನಲ್ಲೇ ಹುಟ್ಟಿದವು, ಲಂಡನ್ನಿಗೆ ಹೋದವು, ಅಚ್ಚಾದ ನಿರಾಕರಣೆಯ ಚೀಟಿ ಹೊತ್ತು ಮರಳಿದವು. ಆ ಓದು ಕಲಸುಮೇಲೋಗರವಾಗಿದ್ದುದೇ ಅವರನ್ನು ಉಳಿಸಿತು ಎಂಬುದು ನನ್ನ ಎಣಿಕೆ. ಒಬ್ಬನೇ ಲೇಖಕನನ್ನು ಆರಾಧಿಸಿ ಓದಿದ್ದರೆ ಅವನ ಹಾಗೆ ಬರೆಯುವ ಚಟದಿಂದ ಹೊರಬರುವುದು ಕಷ್ಟವಿತ್ತು. ಪೋಪನನ್ನೂ ಕೊರೆಲ್ಲಿಯನ್ನೂ ಒಟ್ಟಿಗೆ ಅನುಕರಿಸಲು ಯಾರಿಂದಲೂ ಸಾಧ್ಯವಿಲ್ಲ.

ಇನ್ನು ಹಣ. ಮೊದಲು ಅಚ್ಚಾದದ್ದು ಕಥೆಯೂ ಅಲ್ಲ, ಕವಿತೆಯೂ ಅಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕಡಲ ಕಾನೂನು ಬೆಳೆದ ಬಗೆಯನ್ನು ಕುರಿತ ಪುಸ್ತಕವೊಂದರ ವಿಮರ್ಶೆ! ಕಡಲಿಲ್ಲದ ಮೈಸೂರಿನಲ್ಲಿ ಕೂತು ಅದನ್ನು ಓದಿ ಬರೆದರು. ಮೊದಲ ವರ್ಷ ಬರವಣಿಗೆಯಿಂದ ಬಂದ ಒಟ್ಟು ಆದಾಯ 9 ರೂಪಾಯಿ 12 ಆಣೆ. ಎರಡನೆಯ ವರ್ಷ 'ದಿ ಹಿಂದೂ' ಒಂದು ಕಥೆಗೆ 18 ರೂಪಾಯಿ ಕಳುಹಿಸಿತು, ಮನಿಯಾರ್ಡರ್ ಖರ್ಚು ಮುರಿದುಕೊಂಡು. ಮೂರನೆಯ ವರ್ಷ ಮಕ್ಕಳ ಕಥೆಯೊಂದಕ್ಕೆ 30 ರೂಪಾಯಿ. ಆ ಚೆಕ್ಕನ್ನು ತಂದೆಯ ಕೈಗಿತ್ತಾಗ ಅವರು ಸಂತೋಷಪಟ್ಟರು, ಜೊತೆಗೆ ಇದೇ ಮೊದಲನೆಯದೂ ಕೊನೆಯದೂ ಇರಬೇಕು ಎಂದು ಚುಚ್ಚಿದರು.

ಲೆಕ್ಕ ಹಾಕಿದೆ. ರೂಪಾಯಿಗೆ ಹದಿನಾರಾಣೆಯಂತೆ 9 ರೂಪಾಯಿ 12 ಆಣೆ ಎಂದರೆ 156 ಆಣೆ. ವರ್ಷಕ್ಕೆ 52 ವಾರ. ಸರಿಯಾಗಿ ವಾರಕ್ಕೆ ಮೂರಾಣೆ. ಷಾ, ವೆಲ್ಸ್ ಅವರ ಗೌರವಧನದ ಮೊತ್ತ ಬಾಯಿಪಾಠವಿದ್ದವರ ಸಂಪಾದನೆ ಇದು.

ಹತ್ತು ಅಂಗುಲ ಸುದ್ದಿ

1933ರಲ್ಲಿ ಕೊಯಮತ್ತೂರಿನ ಅಕ್ಕನ ಮನೆಗೆ ಹೋಗಿದ್ದಾಗ, ಬೀದಿಯ ನಲ್ಲಿಯಲ್ಲಿ ನೀರು ಹಿಡಿಯಲು ಬಂದ ರಾಜಂ ಎಂಬ ಹುಡುಗಿಯನ್ನು ಕಂಡು ಮನಸೋತರು. ಜಾತಕ ಕೂಡಿಬರಲಿಲ್ಲ, ಕೈಯಲ್ಲಿ ಕೆಲಸವೂ ಇರಲಿಲ್ಲ. ಆದರೂ ಹಟ ಹಿಡಿದು ಮದುವೆಯಾದರು. ಜಾತಕದ ಕಹಿ ಸುಮ್ಮನೆ ಹೋಗಲಿಲ್ಲ. 1937ರಲ್ಲಿ ಬಂದ ಎರಡನೆಯ ಕಾದಂಬರಿಯಲ್ಲಿ ನಾಯಕನ ಮದುವೆ ಮುರಿದು ಬೀಳುವುದು ಜಾತಕದಿಂದಲೇ.

ಸಂಸಾರ ಬಂದ ಮೇಲೆ ವಾರಕ್ಕೆ ಮೂರಾಣೆ ಸಾಲದು. ಮದರಾಸಿನ 'ಜಸ್ಟಿಸ್' ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಅದು ಬ್ರಾಹ್ಮಣೇತರರ ಹಕ್ಕಿಗಾಗಿ ನಡೆಯುತ್ತಿದ್ದ ಪತ್ರಿಕೆ, ವರದಿಗಾರರು ಅಯ್ಯರ್. ಇದರಲ್ಲಿನ ತಮಾಷೆ ಎರಡೂ ಕಡೆಯವರಿಗೆ ಗೊತ್ತಿತ್ತು.

ದರ ಹೀಗಿತ್ತು: 21 ಅಂಗುಲದ ಒಂದು ಕಾಲಂಗೆ ಮೂರೂವರೆ ರೂಪಾಯಿ. ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು ನಡೆದೇ ಪೇಟೆ, ಮಾರುಕಟ್ಟೆ, ನ್ಯಾಯಾಲಯ, ಪೊಲೀಸ್ ಠಾಣೆ, ಪುರಸಭೆ ಸುತ್ತುವುದು. ಊಟದ ಹೊತ್ತಿಗೆ ಹತ್ತು ಅಂಗುಲಕ್ಕೆ ಆಗುವಷ್ಟು ಸುದ್ದಿ ಕೂಡಿರಬೇಕು. ಒಂದು ಗಂಟೆಗೆ ಮನೆ, ಗಬಗಬ ಊಟ, ಟೈಪ್‌ರೈಟರ್. ಲಕೋಟೆಗೆ ತುಂಬಿ ಚಾಮರಾಜಪುರಂ ಅಂಚೆ ಕಚೇರಿಗೆ ಓಟ, ಅಂಚೆ ಚೀಲ ಕಟ್ಟುವ ಮುಂಚೆ. ಮತ್ತೆ ಗಡುವು! ಸೋಮವಾರದ ಗಡುವು ಈಗ ದಿನದಿನದ್ದಾಗಿತ್ತು. ಹತ್ತಂಗುಲ ಪೂರ್ತಿ ಅಚ್ಚಾದರೆ ಒಂದು ರೂಪಾಯಿ ಹತ್ತಾಣೆ ಚಿಲ್ಲರೆ. ಬೇರೆಲ್ಲೋ ದೊಡ್ಡ ಸುದ್ದಿ ಸಿಡಿದು ಮೈಸೂರಿನ ಸುದ್ದಿ ಬಿದ್ದುಹೋದರೆ ಆ ದಿನದ ನಡಿಗೆ ಪುಕ್ಕಟೆ. ಅಂದರೆ ಆರು ದಿನ ಅದೃಷ್ಟ ಚೆನ್ನಾಗಿದ್ದರೆ ಮೊದಲ ವರ್ಷದ ಪೂರ್ತಿ ಸಾಹಿತ್ಯ ಸಂಪಾದನೆಯನ್ನು ದಾಟಬಹುದಿತ್ತು.

ಕೈಹಿಡಿದದ್ದು ಕೊಲೆಗಳು. ನಂಜನಗೂಡು, ಚಾಮರಾಜನಗರದ ಕಡೆಯಿಂದ ಕೊಲೆ ಮೊಕದ್ದಮೆಗಳು ತಪ್ಪದೆ ಬರುತ್ತಿದ್ದವು. ಶವಾಗಾರದ ಹೊರಗೆ ಕಾದು ನಿಲ್ಲುವುದು, ಪೊಲೀಸರ ಮೊದಲ ವರದಿಗೆ ಕಿವಿಗೊಡುವುದು, 'ಎನ್ನಲಾಗಿದೆ' ಎಂಬ ಅರ್ಥದ ಪದವನ್ನು ಧಾರಾಳವಾಗಿ ಉದುರಿಸಿ ನ್ಯಾಯಾಂಗ ನಿಂದನೆಯಿಂದ ಪಾರಾಗುವುದು.

ಗಂಟಲುಬ್ಬಿಸುವ ದುರಂತಗಳನ್ನು ಹುಡುಕಿ ಓದುತ್ತಿದ್ದವರ ಎದುರಿಗೆ ಈಗ ದಿನವೂ ನಿಜವಾದ ದುರಂತ ಇತ್ತು. ಅದನ್ನು ಅವರು ಅಂಗುಲದಲ್ಲಿ ಅಳೆಯಬೇಕಾಗಿತ್ತು. ನಾರಾಯಣರ ಗದ್ಯದಲ್ಲಿ ಕಾಣುವ ಆ ತಣ್ಣನೆಯ, ಅರ್ಧ ನಗುವಿನ ದೂರ ಎಲ್ಲಿಂದ ಬಂತು ಎಂದು ಕೇಳಿದರೆ ನಾನು ಗ್ರಂಥಾಲಯದ ಕಡೆಗೆ ಕೈ ತೋರಿಸುವುದಿಲ್ಲ, ನ್ಯಾಯಾಲಯದ ಜಗಲಿಯ ಕಡೆಗೆ ತೋರಿಸುತ್ತೇನೆ. ಇದಕ್ಕೆ ಆಕ್ಷೇಪ ಇರಬಹುದು: ಮೊದಲ ಕಾದಂಬರಿ ವರದಿಗಾರಿಕೆಗಿಂತ ಮುಂಚೆಯೇ ಬರೆದದ್ದಲ್ಲವೆ? ನಿಜ. ಆದರೆ ಬೀದಿ ಅಲೆಯುವ ಅಭ್ಯಾಸ ಪತ್ರಿಕೆ ಕೊಟ್ಟದ್ದಲ್ಲ, ಅದು ಕುಕ್ಕರಹಳ್ಳಿಯ ವರ್ಷದಿಂದಲೇ ಇತ್ತು. ಪತ್ರಿಕೆ ಆ ಅಲೆದಾಟಕ್ಕೆ ಕೂಲಿ ಕೊಟ್ಟಿತು, ಅಷ್ಟೇ.

ಓದದೆ ಬಿಟ್ಟದ್ದು

ಕನ್ನಡ ಓದುಗರಾಗಿ ನಾವು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಇವರು ಸವಿದು ನೆನೆಯುವ ಪುಸ್ತಕಗಳ ಸಾಲಿನಲ್ಲಿ ಕನ್ನಡದ್ದು ಎಲ್ಲಿ?

ಆ ವರ್ಷಗಳ ಮೈಸೂರು ಸಾಮಾನ್ಯ ಊರಾಗಿರಲಿಲ್ಲ. ಕೆರೆಯ ದಂಡೆಯಲ್ಲಿ ನಾರಾಯಣ್ ಓದುತ್ತಿದ್ದ ಅದೇ 'ಗೋಲ್ಡನ್ ಟ್ರೆಜರಿ'ಯ ಹಲವು ಪದ್ಯಗಳನ್ನು ಬಿ. ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದರು. ಅವು 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂದು ಪುಸ್ತಕವಾಗಿ ಬಂದವು, ಕನ್ನಡ ಕಾವ್ಯದ ದಾರಿಯೇ ತಿರುಗಿತು. ಅದೇ ವರ್ಷ ನಾರಾಯಣ್ ಮಹಾರಾಜಾ ಕಾಲೇಜು ಸೇರಿದರು. ಅಲ್ಲಿ ಅವರಿಗಿಂತ ಎರಡು ವರ್ಷ ದೊಡ್ಡವರಾದ ಕುವೆಂಪು ಇದ್ದರು, 1929ರಲ್ಲಿ ಎಂ.ಎ. ಮುಗಿಸಿ ಅಲ್ಲೇ ಅಧ್ಯಾಪಕರೂ ಆದರು. ಕುವೆಂಪು ಕೂಡ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಅವರ ಇಂಗ್ಲಿಷ್ ಕವಿತೆಗಳ ಕಿರುಪುಸ್ತಕವೊಂದು ಬಂದಿತ್ತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದ್ದು, ಅವರು ಕನ್ನಡಕ್ಕೆ ಹೊರಳಿದ್ದು ನಮಗೆಲ್ಲ ಗೊತ್ತಿರುವ ಕಥೆ. ಅವರಿಗೂ ಅದೇ ಕೆರೆ ಬೇಕಾದದ್ದು, ಅದರ ಮೇಲೆ ಕವಿತೆಯನ್ನೂ ಬರೆದರು. ನಾರಾಯಣರ ಮೊದಲ ಕಾದಂಬರಿ 1935ರಲ್ಲಿ, ಕುವೆಂಪು ಅವರ ಮೊದಲ ಕಾದಂಬರಿ 1936ರಲ್ಲಿ. ಒಂದೇ ಕಾಲೇಜು, ಒಂದೇ ಕೆರೆ. ಒಬ್ಬರು ಮಾಲ್ಗುಡಿಗೆ ಹೋದರು, ಇನ್ನೊಬ್ಬರು ಕಾನೂರಿಗೆ.

ಇದನ್ನು ಹಿಡಿದು ನಾರಾಯಣರನ್ನು ಕಟಕಟೆಗೆ ಹತ್ತಿಸುವ ಉದ್ದೇಶ ನನಗಿಲ್ಲ. ಮನೆಮಾತು ತಮಿಳು, ಅಜ್ಜಿ ಹೇಳಿಕೊಟ್ಟದ್ದು ತಮಿಳು ಮತ್ತು ಸಂಸ್ಕೃತ, ವಾರಾಂತ್ಯಕ್ಕೆ ಮನೆಗೆ ಬಂದದ್ದು ಇಂಗ್ಲಿಷ್. ಓದು ಹರಿಯುವುದು ಸಿಕ್ಕುವ ಕಾಲುವೆಯಲ್ಲಿ. ಆದರೆ ಮಾರುಕಟ್ಟೆಯಲ್ಲಿ, ಠಾಣೆಯಲ್ಲಿ, ಪುರಸಭೆಯ ಮೆಟ್ಟಿಲ ಮೇಲೆ ಅವರ ಕಿವಿಗೆ ಬಿದ್ದದ್ದು ಬಹುಪಾಲು ಕನ್ನಡವೇ ಇರಬೇಕು. ಪುಸ್ತಕದ ಕನ್ನಡ ತಪ್ಪಿಹೋದರೂ ಬಾಯಿಮಾತಿನ ಕನ್ನಡ ತಪ್ಪಲಿಲ್ಲ. ಮಾಲ್ಗುಡಿಯ ಜನ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರೂ ನಮಗೆ ಪರಕೀಯರು ಅನ್ನಿಸದಿರುವುದಕ್ಕೆ ಇದು ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಕೇಳುವವರೊಬ್ಬರು

ದಿನಚರಿಯಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ. ಕಿಟ್ಟು ಪೂರ್ಣ ಎಂಬ ಗೆಳೆಯ. ನಾರಾಯಣ್ ಬರೆದುದನ್ನು ಓದಿ ಹೇಳುತ್ತಿದ್ದದ್ದು ಇವರಿಗೆ. ಬರೆಯುವವರು ಪುಸ್ತಕಗಳ ಪಟ್ಟಿ ಕೇಳುತ್ತಾರೆಯೇ ಹೊರತು ಇಂಥ ಕಿವಿಯನ್ನು ಹೇಗೆ ಸಂಪಾದಿಸಬೇಕು ಎಂದು ಕೇಳುವುದಿಲ್ಲ. ಪೂರ್ಣ ಮುಂದೆ ಓದಲು ಆಕ್ಸ್‌ಫರ್ಡಿಗೆ ಹೋದರು. ಹೋಗುವಾಗ ಕಿವಿಯೂ ಹೋಯಿತು, ಬದಲಿಗೆ ಒಂದು ವಿಳಾಸ ಬಂತು. ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆಯುತ್ತಿದ್ದ ಹಸ್ತಪ್ರತಿ ಕೊನೆಗೆ ಆ ವಿಳಾಸ ಸೇರಿತು. ಬೇಸತ್ತ ನಾರಾಯಣ್, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕು ಎಂದು ಗೆಳೆಯನಿಗೆ ಬರೆದರು.

ಪೂರ್ಣ ಹಾಗೆ ಮಾಡಲಿಲ್ಲ. ಆಗ ಆಕ್ಸ್‌ಫರ್ಡಿನಲ್ಲಿದ್ದ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಅದನ್ನು ಮುಟ್ಟಿಸಿದರು. ಕಾದಂಬರಿ ಸ್ವೀಕೃತವಾಗಿದೆ, ಗ್ರೀನ್ ಕಾರಣ ಎಂಬ ತಂತಿ ಮೈಸೂರಿಗೆ ಬಂತು. 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು. ವಿಮರ್ಶೆಗಳು ಚೆನ್ನಾಗಿದ್ದವು, ಪುಸ್ತಕ ಹೆಚ್ಚು ಖರ್ಚಾಗಲಿಲ್ಲ. ಇಂಗ್ಲಿಷ್ ಓದುಗರ ನಾಲಿಗೆಗೆ ಹೆಸರು ಉದ್ದವಾಯಿತು, ಮೊಟಕು ಮಾಡಿ ಎಂದು ಗ್ರೀನ್ ಸಲಹೆ ಕೊಟ್ಟರು. ಪುಸ್ತಕದ ಮೊದಲಿನ ಶೀರ್ಷಿಕೆಯೂ ಬದಲಾಯಿತು. ನಾರಾಯಣಸ್ವಾಮಿಯಿಂದ ಬಿದ್ದುಹೋದ 'ಸ್ವಾಮಿ' ಹೊದಿಕೆಯ ಮೇಲೆ ಉಳಿದದ್ದು ಶೀರ್ಷಿಕೆಯಲ್ಲಿ: 'ಸ್ವಾಮಿ ಅಂಡ್ ಫ್ರೆಂಡ್ಸ್'.